ತವರಿನ ಫ್ಯಾನು

ಗಂಡನ ಮನೆಗೆ ಕಾಲಿಟ್ಟ ದಿನದಿಂದ ವಿಮಲಮ್ಮ ಆ ಮನೆಯಲ್ಲಿ ನೆಟ್ಟಗಿರುವ ವಸ್ತು ಒಂದನ್ನೂ ಕಂಡವಳಲ್ಲ. ಬಾಗಿಲು ಹಾಕಿದರೆ ಸೊಟ್ಟ, ತೆಗೆದರೆ ಇನ್ನೂ ಸೊಟ್ಟ. ಒಲೆ ಹೊಗೆ ಕಾರುತ್ತಿತ್ತೇ ಹೊರತು ಉರಿಯುತ್ತಿರಲಿಲ್ಲ. ಗಂಡ ನೀಲಕಂಠಸ್ವಾಮಿ ರಾವಂದೂರಿನ ಸೊಸೈಟಿಯಲ್ಲಿ ಗೊಬ್ಬರದ ಗುಮಾಸ್ತ. ಅವನು ಉರಿಯುತ್ತಲೂ ಇರಲಿಲ್ಲ, ಹೊಗೆ ಕಾರುತ್ತಲೂ ಇರಲಿಲ್ಲ, ಸುಮ್ಮನೆ ಇರುತ್ತಿದ್ದ. ಇದನ್ನೆಲ್ಲ ಅವಳು ಸಹಿಸಿಕೊಂಡಿದ್ದಳು (ಸಹಿಸಿಕೊಂಡಿದ್ದೇನೆ ಎಂದು ಹೊತ್ತು ಹೊತ್ತಿಗೂ ಹೇಳುತ್ತಿದ್ದಳು). ಸಹಿಸಲಾಗದೆ ಹೋದದ್ದು ಪಡಸಾಲೆಯ ಫ್ಯಾನು ಮಾತ್ರ.

ಊರಿಗೆ ಕರೆಂಟು ಬಂದ ಹೊಸದರಲ್ಲಿ ಮಾವನವರು ಮೈಸೂರಿನಿಂದ ತರಿಸಿದ ಫ್ಯಾನು ಅದು. ಕಪ್ಪಗೆ, ಭಾರವಾಗಿ, ಒಳ್ಳೆ ರಾಗಿ ಬೀಸುವ ಕಲ್ಲನ್ನು ತಲೆಕೆಳಗಾಗಿ ನೇತುಹಾಕಿದಂತಿತ್ತು. ಗಾಳಿಗಿಂತ ಸದ್ದೇ ಜಾಸ್ತಿ. ಈ ನಡುವೆ ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಎಂದಾಯಿತು, ಊರಲ್ಲಿ ಒಬ್ಬರಿಬ್ಬರ ಕೈಗೆ ಟ್ರಾನ್ಸಿಸ್ಟರು ಬಂತು. ಫ್ಯಾನು ಮಾತ್ರ ಮಾವನವರ ಫೋಟೋದ ಹಾಗೆ ಇದ್ದಲ್ಲೇ ಇತ್ತು.

ಇಷ್ಟಾದರೂ ಆ ಫ್ಯಾನಿಗಾಗಿ ಹೊಡೆದಾಡಿದವಳು ವಿಮಲಮ್ಮನೇ. ಅತ್ತೆ ಮಾವ ಹೋದ ಮೇಲೆ ಅಣ್ಣ ತಮ್ಮ ಪಾಲಾದರು. ಅಣ್ಣ ನಂಜಣ್ಣ, ಅವನ ಹೆಂಡತಿ ಪುಟ್ಟಸಿದ್ದಮ್ಮ ಒಂದು ಕಡೆ. ತಮ್ಮ ನೀಲಕಂಠಸ್ವಾಮಿ, ವಿಮಲಮ್ಮ ಇನ್ನೊಂದು ಕಡೆ. ಪಡಸಾಲೆಯ ನಡುವೆ ಗೋಡೆ ಎಬ್ಬಿಸುವುದಕ್ಕೆ ಹಿರಿಯರು ಹಗ್ಗ ಹಿಡಿದರೆ, ಹಗ್ಗ ನೆಟ್ಟಗೆ ಫ್ಯಾನಿನ ಅಡಿಯಲ್ಲೇ ಹಾಯಿತು. ವಿಮಲಮ್ಮ ಹಗ್ಗದ ಮೇಲೆ ಕುಳಿತುಬಿಟ್ಟಳು. ಫ್ಯಾನು ಪೂರ್ತಿ ನನ್ನ ಕಡೆಗೆ ಬರುವ ತನಕ ಏಳುವುದಿಲ್ಲ ಎಂದಳು. ಊಟದ ಹೊತ್ತಾಗಿದ್ದರಿಂದ ಹಿರಿಯರಿಗೆ ಜ್ಞಾನೋದಯವಾಯಿತು. ಗೋಡೆ ನೇರವಾಗಿ ಬಂದು, ಫ್ಯಾನಿನ ಹತ್ತಿರ ಪುಟ್ಟಸಿದ್ದಮ್ಮನ ಕಡೆಗೆ ತುಂಬು ಬಸುರಿಯ ಹಾಗೆ ಹೊಟ್ಟೆ ಉಬ್ಬಿಸಿಕೊಂಡು, ಮುಂದೆ ಮತ್ತೆ ನೇರವಾಗಿ ಹೋಯಿತು. ವಾರಗಿತ್ತಿಯ ಜಾಗ ಅಷ್ಟು ಕಮ್ಮಿಯಾಯಿತಲ್ಲ ಎಂದು ವಿಮಲಮ್ಮನಿಗೆ ಪರಮಾನಂದವಾಯಿತು. ಆಮೇಲೆ ನೀಲಕಂಠಸ್ವಾಮಿ ತನ್ನ ಪಾಲಿಗೆ ಬೇರೆ ಮೀಟರು ಹಾಕಿಸಿದ. ಪಿರಿಯಾಪಟ್ಟಣದಿಂದ ವೈರ್‌ಮನ್ ಮಂಟಯ್ಯ ಬಂದು ದೀಪಗಳಿಗೆ ವೈರು ಎಳೆದು ಹೋದ.

ಗೋಡೆ ತೊಲೆಯ ಮಟ್ಟಕ್ಕೆ ನಿಂತಿತ್ತು. ಮೇಲೆ ಹೆಂಚಿನವರೆಗೂ ಖಾಲಿ. ಆಚೆಯ ಒಗ್ಗರಣೆ ಈಚೆಗೆ ಘಮಗುಟ್ಟುತ್ತಿತ್ತು, ಈಚೆಯ ಬೈಗುಳ ಆಚೆಗೆ ಕೇಳುತ್ತಿತ್ತು. ಆದರೆ ಗೋಡೆ ಎದ್ದ ದಿನದಿಂದ ವಾರಗಿತ್ತಿಯರಿಬ್ಬರಿಗೂ ಮಾತಿರಲಿಲ್ಲ.

ಫ್ಯಾನಿಗೆ ರೋಗ ಶುರುವಾದದ್ದು ಆಮೇಲೆಯೇ. ಪುಟ್ಟಸಿದ್ದಮ್ಮ ಮನೆಯಲ್ಲಿರುವ ತನಕ ಫ್ಯಾನು ತಿರುಗುತ್ತಿತ್ತು. ಅವಳು ಬೆಟ್ಟದಪುರದ ತವರಿಗೆಂದು ಬಾಗಿಲಿಗೆ ಬೀಗ ಜಡಿದಳೋ, ಫ್ಯಾನು ನಿಂತುಹೋಗುತ್ತಿತ್ತು. ಅವಳು ವಾಪಸು ಬಂದು ಬೀಗ ತೆಗೆದರೆ ತಾನಾಗಿ ಎದ್ದು ತಿರುಗುತ್ತಿತ್ತು. ಒಂದು ಸಲವಾದರೆ ಆಕಸ್ಮಿಕ ಎನ್ನಬಹುದು. ಪ್ರತಿ ಸಲವೂ ಹೀಗೇ ಆದಾಗ ವಿಮಲಮ್ಮನ ಕುಶಾಗ್ರಮತಿಗೆ ವಿಷಯ ಹೊಳೆಯಿತು.

"ಹೋಗುವಾಗ ತಡೆ ಹಾಕ್ಬುಟ್ಟು ಹೋಯ್ತಾಳೆ ಕಣ್ರೀ. ತಾನಿಲ್ಲದಾಗ ನಾನು ಗಾಳೀಲಿ ಕೂರಬಾರದು ಅಂತ!"

"ವೈರಿನಲ್ಲಿ ಏನಾದ್ರೂ ಇರಬೋದು ಕಣೆ," ಎಂದ ನೀಲಕಂಠಸ್ವಾಮಿ.

"ನಿಮ್ಮ ತಲೇಲೇ ಏನೂ ಇಲ್ಲ, ಇನ್ನು ವೈರಿನಲ್ಲೇನಿರ್ತದೆ!"

ಅವಳು ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಫ್ಯಾನಿಗೆ ಕಟ್ಟಿದಳು. ಸೊಸೈಟಿಯ ಅಧ್ಯಕ್ಷರು ಮನೆಗೆ ಬಂದಾಗ ಫ್ಯಾನು ಜೋರಾಗಿ ತಿರುಗಿ, ಒಂದು ಮೆಣಸಿನಕಾಯಿ ಹಾರಿ ಅವರ ಕಾಫಿಯೊಳಕ್ಕೆ ಬಿತ್ತು. ಅಧ್ಯಕ್ಷರು ನೋಡದೆ ಕುಡಿದರು. ತಡೆ ಎಷ್ಟು ಬಲವಾಗಿದೆ ಎನ್ನುವುದಕ್ಕೆ ವಿಮಲಮ್ಮನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಇನ್ನೊಂದು ರಾತ್ರಿ ಮನೆಯ ಫ್ಯೂಸು ಹೋಗಿ ದೀಪವೆಲ್ಲ ಆರಿದರೂ ಫ್ಯಾನು ಕತ್ತಲಲ್ಲಿ ತಿರುಗುತ್ತಲೇ ಇತ್ತು. ಅದು ತಾನು ಮಾಡುವ ಸೋಮವಾರದ ಪೂಜೆಯ ಫಲ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಈ ತಡೆಯ ಸುದ್ದಿ ಅವಳ ಅಣ್ಣ ಶಿವಮಲ್ಲಪ್ಪನ ಕಿವಿಗೂ ಮುಟ್ಟಿತು. ಆತ ಕೆ.ಆರ್. ನಗರದಲ್ಲಿ ಅಕ್ಕಿ ಗಿರಣಿ ಇಟ್ಟವನು. ತಂಗಿಯೆಂದರೆ ಪ್ರಾಣ, ತಂಗಿಯ ಗಂಡನೆಂದರೆ ಅಷ್ಟಕ್ಕಷ್ಟೆ. ಏಪ್ರಿಲ್ ತಿಂಗಳ ಬೇಗೆ ಹತ್ತಿದಾಗ ಹೊಸ ಫ್ಯಾನೊಂದನ್ನು ಕೊಂಡು ಬಸ್ಸಿನ ಮೇಲೆ ಹಾಕಿಸಿ ಕಳಿಸಿದ. ಹಾಲುಬಿಳಿ ಬಣ್ಣ, ನಡುವೆ ಚಿನ್ನದ ಬಳೆ. ಜೊತೆಗೆ ಹೇಳಿಕಳಿಸಿದ: "ತವರಿನ ಫ್ಯಾನಿಗೆ ಯಾರ ತಡೇನೂ ತಟ್ಟಲ್ಲ. ಭಾನುವಾರ ಮಧ್ಯಾಹ್ನ ನಾನೂ ನಿಮ್ಮತ್ತಿಗೆಯೂ ಬತ್ತೀವಿ. ಅದರ ಕೆಳಗೇ ಕೂತು ಉಣ್ತೀವಿ."

ವಿಮಲಮ್ಮ ಫ್ಯಾನಿನ ರಟ್ಟಿನ ಡಬ್ಬವನ್ನು ಜಗುಲಿಯ ಮೇಲೆ ಬೀದಿಗೆ ಕಾಣುವ ಹಾಗೆ ಇಟ್ಟಳು. ಭಾನುವಾರ ಈ ಫ್ಯಾನು ಅಣ್ಣನ ತಲೆಯ ಮೇಲೆ ತಿರುಗಲೇಬೇಕು. ತಿರುಗಿದರೆ ತವರಿಗೆ ಜಯ, ಗಂಡನ ವಂಶಕ್ಕೆ ಸೋಲು, ವಾರಗಿತ್ತಿಗೆ ಮುಖಭಂಗ. ತಿರುಗದೆ ಹೋದರೆ? ಅದನ್ನು ಅವಳು ಯೋಚಿಸಲೇ ಇಲ್ಲ.

ಭಾನುವಾರ ಬೆಳಿಗ್ಗೆ ಮಂಟಯ್ಯ ಕೈಚೀಲ ಹಿಡಿದು ಬಂದ. ಬರುವುದು ತಡ, ಬಂದ ಮೇಲೆ ಬೀಡಿ ಹಚ್ಚುವುದು ಬೇಗ, ಇದು ಅವನ ಪದ್ಧತಿ. ಸ್ಟೂಲು ಹತ್ತಿ, ಫ್ಯಾನಿನ ಬುಡದಲ್ಲಿ ಮುಚ್ಚಳ ಬಿಚ್ಚಿ, ಒಳಗೆ ಇಣುಕಿ ಮುಖ ಸಿಂಡರಿಸಿದ. ವೈರುಗಳು ಒಲೆಯ ಹೊಗೆ ಕುಡಿದು ಕೆಂಪು ಯಾವುದು ಕಪ್ಪು ಯಾವುದು ತಿಳಿಯದಂತೆ ಒಂದೇ ಬಣ್ಣಕ್ಕೆ ತಿರುಗಿದ್ದವು.

"ಥೂ! ಯಾವ ಮುಟ್ಠಾಳ ಮಾಡಿದ್ದು ಸ್ವಾಮಿ ಈ ಮನೆ ವೈರಿಂಗ್ನ? ಅವನ ಕೈ ಮುರಿಯ!"

"ನೀನೇ ಕಣಯ್ಯ," ಎಂದ ನೀಲಕಂಠಸ್ವಾಮಿ.

ಮಂಟಯ್ಯ ಬೀಡಿಯ ಬೂದಿ ಕೊಡವಿದ. "ಆಗ ಒಳ್ಳೆ ವೈರು ಸಿಕ್ತಿರ್ನಿಲ್ಲ ಬುಡಿ. ಎಲ್ಲಿ, ಫ್ಯೂಸ್ ಕಿತ್ತಿಡಿ."

ನೀಲಕಂಠಸ್ವಾಮಿ ಫ್ಯೂಸು ಕಿತ್ತು, ಎಲ್ಲರಿಗೂ ಕಾಣುವಂತೆ ಅಂಗೈಯಲ್ಲಿ ಹಿಡಿದು ನಿಂತ. ಮಂಟಯ್ಯ ಇಕ್ಕಳವನ್ನು ವೈರಿಗೆ ಹಾಕಿದ. ಮರುಕ್ಷಣದಲ್ಲಿ ಇಕ್ಕಳ ಒಂದು ಕಡೆ, ಬೀಡಿ ಒಂದು ಕಡೆ, ಮಂಟಯ್ಯ ಅಕ್ಕಿ ಮೂಟೆಯ ಮೇಲೆ.

"ಅಯ್ಯಯ್ಯಪ್ಪೋ! ಫ್ಯೂಸ್ ಕೀಳಿ ಅಂದ್ರೆ ಕಿತ್ತಿಲ್ವಾ?"

ನೀಲಕಂಠಸ್ವಾಮಿ ಅಂಗೈ ತೋರಿಸಿದ. ಫ್ಯೂಸು ಅಲ್ಲೇ ಇತ್ತು. ಮಂಟಯ್ಯನ ಕಣ್ಣು ಮೇಲಕ್ಕೆ ಹೋದವು. ವಿಮಲಮ್ಮನ ಕಣ್ಣು ಮಾತ್ರ ಮಿಂಚಿದವು.

"ನೋಡಿದ್ರಾ? ಫ್ಯೂಸ್ ಕೈಲದೆ, ಆದ್ರೂ ಹೊಡೀತು! ಇದು ಕರೆಂಟಲ್ಲ ಕಣ್ರೀ, ಅವಳು ಹಾಕಿರೋ ತಡೆ! ನಾನು ಹೇಳಿದ್ರೆ ನಗ್ತಿದ್ರಲ್ಲ, ಈಗ ನಗ್ರಿ!"

ನೀಲಕಂಠಸ್ವಾಮಿ ನಗಲಿಲ್ಲ. ವೈರ್‌ಮನ್ನೂ ನಗಲಿಲ್ಲ. ಫ್ಯೂಸಿಲ್ಲದ ವೈರಿನಲ್ಲಿ ಕರೆಂಟು ಹೇಗೆ ಬಂತೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ತಡೆಯೇ ಮರ್ಯಾದೆಯ ದಾರಿಯಾಗಿ ಕಂಡಿತು. "ಅಮ್ಮಾರು ಏಳೋದು ದಿಟ ಇರಬೈದು ಸ್ವಾಮಿ. ನನ್ನ ಸರ್ವೀಸಲ್ಲಿ ಇಂಥದ್ದು ಕಂಡಿಲ್ಲ," ಎಂದು ಮೈ ಒರೆಸಿಕೊಂಡ.

ವಿಮಲಮ್ಮ ಅಡುಗೆಮನೆಗೆ ನುಗ್ಗಿ ಉಪ್ಪು, ಒಣಮೆಣಸಿನಕಾಯಿ ತಂದಳು. ಸ್ಟೂಲು ಹತ್ತಿ ಹಳೆಯ ಫ್ಯಾನಿಗೆ ಎಡಕ್ಕೂ ಬಲಕ್ಕೂ ನಿವಾಳಿಸಿದಳು. ನಿವಾಳಿಸುತ್ತಲೇ ಗೋಡೆಯ ಮೇಲಿಂದ ಆಚೆಗೆ ಕೇಳಲೆಂದು ದನಿ ಎತ್ತಿದಳು. "ಕಂಡೋರ ಗಾಳಿ ನಿಲ್ಲಿಸೋರ ಕಣ್ಣು ಉರಿದುಹೋಗ! ತಡೆ ಹಾಕೋ ಕೈ ಸೇದುಹೋಗ! ನಮ್ಮಣ್ಣನ ಫ್ಯಾನಿನ ಮುಂದೆ ಯಾವಳ ಆಟ ನಡೀತದೋ ನಾನೂ ನೋಡ್ತೀನಿ!"

ಗೋಡೆಯಾಚೆ ಪುಟ್ಟಸಿದ್ದಮ್ಮ ಊರಿಗೆ ಹೊರಡುವ ಸಡಗರದಲ್ಲಿದ್ದಳು. ಬೆಟ್ಟದಪುರದಲ್ಲಿ ಅವಳ ತಂಗಿಯ ಮನೆ ಗೃಹಪ್ರವೇಶ. ನಂಜಣ್ಣ ಹಿಂದಿನ ದಿನವೇ ಹೋಗಿದ್ದ. ಬಾಗಿಲು ಹಾಕಿದ ಸದ್ದು, ಬೀಗ ಜಡಿದ ಸದ್ದು ಈಚೆಗೆ ಕೇಳಿಸಿತು. ಅದಕ್ಕೆ ಮುಂಚೆ ಖಟ್ಟೆಂದು ಇನ್ನೊಂದು ಸಣ್ಣ ಸದ್ದು ಕೇಳಿಸಿತ್ತು. ಬೈಯುವ ಭರದಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ವಿಮಲಮ್ಮ ಮೆಣಸಿನಕಾಯಿಯನ್ನು ಒಲೆಗೆ ಹಾಕಿ ಬಂದಳು. ಮಂಟಯ್ಯ ಅಳುಕುತ್ತಲೇ ಸ್ಟೂಲು ಹತ್ತಿ ಟೆಸ್ಟರನ್ನು ವೈರಿಗೆ ತಗುಲಿಸಿದ. ಟೆಸ್ಟರು ಹತ್ತಲಿಲ್ಲ. ಬೆರಳಿನಿಂದ ತಟ್ಟಿದ. ಹಿಡಿದ. ಎಳೆದ. ಏನೂ ಆಗಲಿಲ್ಲ.

"ಒಡೆದೋಯ್ತು ಕಣ್ರವ್ವ! ತಡೆ ಒಡೆದೋಯ್ತು!"

ಆಮೇಲಿನ ಕೆಲಸ ಮದುವೆ ಮನೆಯ ಹಾಗೆ ಸಾಗಿತು. ಮಾವನವರ ಫ್ಯಾನು ಕೆಳಗಿಳಿದು ಮೂಲೆ ಸೇರಿತು. ತವರಿನ ಫ್ಯಾನು ತೊಲೆಯ ಕೊಕ್ಕೆಗೆ ಏರಿತು. ವಿಮಲಮ್ಮ ಅದರ ಮೂರು ರೆಕ್ಕೆಗೂ ಅರಿಸಿನ ಕುಂಕುಮ ಇಟ್ಟಳು. ನೀಲಕಂಠಸ್ವಾಮಿ ಫ್ಯೂಸು ಹಾಕಿದ. ಕಂಬದ ಮೇಲಿನ ಸ್ವಿಚ್ಚನ್ನು ವಿಮಲಮ್ಮ ತಾನೇ ಒತ್ತಿದಳು.

ಫ್ಯಾನು ಅಲುಗಲಿಲ್ಲ.

ದೀಪ ಹಾಕಿದರೆ ಹತ್ತಿತು. ಅಡುಗೆಮನೆಯದೂ ಹತ್ತಿತು. ಫ್ಯಾನು ಮಾತ್ರ ಕುಂಕುಮ ಇಟ್ಟುಕೊಂಡು ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ ನಿಂತಿತ್ತು. ಮಂಟಯ್ಯ ರೆಗ್ಯುಲೇಟರು ಬಿಚ್ಚಿದ, ಮುಚ್ಚಿದ, ಒಂದು ರೆಕ್ಕೆಯನ್ನು ಕೈಯಿಂದ ತಳ್ಳಿದ. ಕೊನೆಗೆ ತೀರ್ಪು ಕೊಟ್ಟ. "ಫ್ಯಾನೇ ಖೊಟ್ಟಿ ಸ್ವಾಮಿ."

"ಏನಂದೆ?" ವಿಮಲಮ್ಮನ ದನಿಗೆ ಮೂಲೆಯಲ್ಲಿದ್ದ ಹಳೆಯ ಫ್ಯಾನೂ ಬೆಚ್ಚಿರಬೇಕು. "ನಮ್ಮಣ್ಣ ಖೊಟ್ಟಿ ಮಾಲು ಕಳಿಸ್ತಾನಾ? ಖೊಟ್ಟಿ ನಿನ್ನ ಟೆಸ್ಟರು, ಖೊಟ್ಟಿ ನಿನ್ನ ಕೈ! ಆ ವೈರು ಎಲ್ಲಿಂದ ಬಂದದೆ, ಹಿಡ್ಕೊಂಡ್ ಹೋಗಿ ನೋಡು. ನೋಡದೆ ಇಳಿದ್ಯೋ, ಸ್ಟೂಲು ಎಳೆದುಬುಡ್ತೀನಿ!"

ಮಂಟಯ್ಯ ತೊಲೆಯ ಮೇಲೆ ಹತ್ತಿದ. ವೈರನ್ನು ಹೊತ್ತ ಮರದ ಪಟ್ಟಿಯ ಮೇಲಿನ ಮಸಿಯನ್ನು ಅಂಗೈಯಲ್ಲಿ ಒರೆಸುತ್ತ ಮುಂದೆ ಹೋದ. ಅವನ ತಲೆ ಗೋಡೆಯಾಚೆ ಮರೆಯಾಯಿತು, ಬೆನ್ನೂ ಮರೆಯಾಯಿತು. ಕಾಲೆರಡು ಮಾತ್ರ ಈಚೆ ಉಳಿದವು. ಸ್ವಲ್ಪ ಹೊತ್ತಿಗೆ ಆಚೆಯಿಂದ ದನಿ ಬಂತು.

"ಸ್ವಾಮೀ! ಈ ಪಟ್ಟಿ ನಿಮ್ಮ ಅಣ್ಣಾರ ಮೀಟರಿಗೆ ಓಗದೆ! ಫ್ಯಾನು ಅವರ ಕರೆಂಟಲ್ಲಿ ತಿರುಗ್ತಿದ್ದದ್ದು. ಅವರು ಮೈನ್ ಆಫ್ ಮಾಡ್ಬುಟ್ಟು ಓಗವ್ರೆ!"

"ನೀನಲ್ವೇನಯ್ಯ ಆಗ ನಮಗೆ ಬೇರೆ ಎಳೆದದ್ದು?" ಎಂದ ನೀಲಕಂಠಸ್ವಾಮಿ.

"ದೀಪಕ್ಕೆ ಎಳೆದೆ. ಫ್ಯಾನು ತಿರುಗ್ತಾ ಇತ್ತಲ್ಲ, ತಿರುಗೋದ್ನ ಯಾಕ್ ಮುಟ್ಲಿ ಅಂತ ಬುಟ್ಟೆ."

ವಿಮಲಮ್ಮನಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಊರು ಬಿಡುವಾಗ ಮೈನ್ ಆಫ್ ಮಾಡುವುದು ಅತ್ತೆ ಕಲಿಸಿದ ನಿಯಮ. ಯಾರದೋ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ಉರಿದುಹೋದದ್ದನ್ನು ಕಣ್ಣಾರೆ ಕಂಡಿದ್ದ ಆಕೆ, ಖಾಲಿ ಮನೆಯಲ್ಲಿ ಬೆಂಕಿ ಬಿಟ್ಟು ಬೀಗ ಹಾಕಬಾರದು, ಕರೆಂಟೂ ಬೆಂಕಿಯೇ ಎಂದು ಸೊಸೆಯರಿಬ್ಬರಿಗೂ ತಿದ್ದಿ ಹೇಳಿದ್ದಳು. ಸ್ವತಃ ವಿಮಲಮ್ಮನೂ ಹಾಗೇ ಮಾಡುತ್ತಿದ್ದಳು. ಇಷ್ಟು ಕಾಲ ತಾನು ಕಾಲು ಚಾಚಿ ಕುಳಿತದ್ದು ಪುಟ್ಟಸಿದ್ದಮ್ಮನ ಕರೆಂಟಿನ ಗಾಳಿಯಲ್ಲಿ! ಆ ಗಾಳಿಯಲ್ಲೇ ಕುಳಿತು ಅವಳನ್ನು ಬೈದದ್ದು!

ನೀಲಕಂಠಸ್ವಾಮಿಯ ಹೊಟ್ಟೆ ಕುಲುಕಿತು. ಮದುವೆಯಾದಂದಿನಿಂದ ಕೂಡಿಟ್ಟ ನಗೆಯೆಲ್ಲ ಒಟ್ಟಿಗೆ ಹೊರಟಿತು.

"ನಗಬೇಡ್ರಿ! ಮಂಟಯ್ಯ, ನಮ್ಮ ಮೀಟರಿಂದ ಈಗಲೇ ವೈರು ಎಳಿ."

"ವೈರೆಲ್ಲಿ ತರ್ಲಿ ಅಮ್ಮಾರೆ? ಬಾನುವಾರ, ಅಂಗಡಿ ಮುಚ್ಚವೆ. ನಾಳೆ ಬೇಕಾದ್ರೆ ಬತ್ತೀನಿ."

ನಾಳೆ! ಅಣ್ಣನ ಬಸ್ಸು ಇನ್ನೇನು ಬರುವ ಹೊತ್ತು. ಬೆಟ್ಟದಪುರಕ್ಕೆ ಹೋಗುವುದೂ ಅದೇ ಬಸ್ಸು. ಪುಟ್ಟಸಿದ್ದಮ್ಮ ಅದನ್ನೇ ಕಾಯುತ್ತ ನಿಂತಿರುತ್ತಾಳೆ. ವಿಮಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯ ಉಪ್ಪನ್ನೂ ತೊಳೆಯದೆ, ಬಸ್ಸು ನಿಲ್ಲುವ ಅರಳಿಮರದ ಕಡೆಗೆ ಓಡಿದಳು.

ಮರದ ಕೆಳಗೆ ಅರ್ಧ ಊರೇ ಸೇರಿತ್ತು. ಪುಟ್ಟಸಿದ್ದಮ್ಮ ಮಡಿಲಲ್ಲಿ ಗಂಟಿಟ್ಟುಕೊಂಡು ಕಲ್ಲಿನ ಮೇಲೆ ಕುಳಿತಿದ್ದಳು.

"ಅಕ್ಕ," ಎಂದಳು ವಿಮಲಮ್ಮ. ಆ ಎರಡಕ್ಷರ ಗಂಟಲಿನಿಂದ ಹೊರಬರುವುದಕ್ಕೆ ನುಗ್ಗೆಕಾಯಿಯ ನಾರಿನ ಹಾಗೆ ತಕರಾರು ಮಾಡಿತು. "ಅಕ್ಕ, ನಿಮ್ಮ ಮೈನು..."

"ತಿಳೀತಾ ಕೊನೆಗೂ?" ಪುಟ್ಟಸಿದ್ದಮ್ಮ ಎದ್ದು ನಿಲ್ಲಲಿಲ್ಲ. "ನನಗೆ ಯಾವಾಗ್ಲೋ ಗೊತ್ತು ಕಣವ್ವ. ಏಳವಾ ಅಂದ್ರೆ ನಿನಗೂ ನನಗೂ ಮಾತಿಲ್ವಲ್ಲ. ನಮ್ಮಾವನ ಫ್ಯಾನು, ಯಾರ ಕರೆಂಟಾದ್ರೇನು, ತಿರುಗ್ಲಿ ಬುಡು ಅಂತ ಸುಮ್ಕಿದ್ದೆ."

ವಿಮಲಮ್ಮನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೀಗೆ ಎಲ್ಲರೆದುರು ಒಳ್ಳೆಯವಳಾಗಿಬಿಟ್ಟರೆ ಇವಳನ್ನು ಮಾಡುವುದೇನು? ಆದರೂ ಕೈ ಚಾಚಿದಳು. "ಬೀಗದ ಕೈ ಕೊಡಕ್ಕ. ನಮ್ಮಣ್ಣ ಬರೋ ಹೊತ್ತು. ಮೈನ್ ಹಾಕ್ಕೋತೀನಿ."

"ಮೈನ್ ಆಕ್ಬುಟ್ಟು ಮನೆ ಖಾಲಿ ಬುಡೋದಾ? ಅತ್ತೆ ಏಳಿದ್ದು ಮರ್ತ್ಯಾ?"

"ಯಾರಾದ್ರೂ ಇರ್ತಾರೆ ಬುಡಕ್ಕ. ಇವರನ್ನ ಕೂರಿಸ್ತೀನಿ."

"ಅವನು ಕೂತಲ್ಲೇ ನಿದ್ದೆ ಮಾಡ್ತಾನೆ, ಮನೆ ಉರಿದ್ರೂ ಏಳಲ್ಲ. ನೀನೇ ಇರಬೇಕು. ಮೈನ್ ಆನಲ್ಲಿರೋಗಂಟ ಒಸ್ಲು ದಾಟಲ್ಲ ಅಂತ ಆಣೆ ಇಡು. ನಿನ್ನ ತವರಾಣೆ ಇಡು, ಕೊಡ್ತೀನಿ."

ದೂರದಲ್ಲಿ ಬಸ್ಸಿನ ಧೂಳು ಕಾಣಿಸಿತು. ಅಣ್ಣ, ಅತ್ತಿಗೆ, ಮಾತಾಡದ ಫ್ಯಾನು, ಎಲ್ಲ ಕಣ್ಣ ಮುಂದೆ ಬಂದವು. "ತವರಾಣೆಗೂ ದಾಟಲ್ಲ!" ಎಂದು ಊರ ಮುಂದೆ ಕೂಗಿ ಬೀಗದ ಕೈಯನ್ನು ಕಿತ್ತುಕೊಂಡಳು.

ಬಸ್ಸಿನಿಂದ ಇಳಿದ ಶಿವಮಲ್ಲಪ್ಪ ಕಂಡದ್ದು, ತಡೆ ಹಾಕುವ ವಾರಗಿತ್ತಿಯ ಪಕ್ಕದಲ್ಲಿ ಅವಳ ಬೀಗದ ಕೈ ಹಿಡಿದು ನಿಂತ ತಂಗಿಯನ್ನು. "ಇದೇನವ್ವ ಇದು?" ಎಂದು ಪಿಸುಗುಟ್ಟಿದ. ವಿಮಲಮ್ಮನಿಗೆ ಸುಳ್ಳು ತಟ್ಟನೆ ಒದಗಿ ಬಂತು. "ಮನೆ ನೋಡ್ಕೋ ಅಂತ ಕಾಲು ಹಿಡ್ಕೊಂಡಳು ಕಣಣ್ಣ. ನನ್ನ ಮನಸ್ಸು ನಿನಗೆ ಗೊತ್ತಲ್ಲ. ಆಯ್ತು, ಕಾವಲು ಕೂತಿರ್ತೀನಿ ಅಂದೆ." ಶಿವಮಲ್ಲಪ್ಪನ ಕಣ್ಣು ತುಂಬಿ ಬಂತು. ಎಂಥ ದೊಡ್ಡ ಮನಸ್ಸು ತನ್ನ ತಂಗಿಯದು! ಬಸ್ಸಿನ ಕಿಟಕಿಯ ಪಕ್ಕ ಕುಳಿತು ಇದನ್ನು ಕೇಳಿಸಿಕೊಂಡ ಪುಟ್ಟಸಿದ್ದಮ್ಮ ಬೆಟ್ಟದಪುರದ ಕಡೆ ಹೊರಟುಹೋದಳು.

ಗೋಡೆ ಎದ್ದ ಮೇಲೆ ಒಮ್ಮೆಯೂ ತುಳಿಯದಿದ್ದ ವಾರಗಿತ್ತಿಯ ಹೊಸಿಲನ್ನು ವಿಮಲಮ್ಮ ದಾಟಿದಳು. ಮೈನ್ ಎತ್ತಿದಳು. ಗೋಡೆಯಾಚೆ ಸುಂಯ್ಯೆಂದು ಸದ್ದೆದ್ದಿತು. ಅತ್ತಿಗೆ "ಅಬ್ಬಾ!" ಎಂದದ್ದು ಕೇಳಿಸಿತು. ಆ ಒಂದು ಮಾತಿಗೆ ವಿಮಲಮ್ಮನ ಜನ್ಮ ಸಾರ್ಥಕವಾಯಿತು. ಸಾರ್ಥಕವಾದ ಜನ್ಮವನ್ನು ಅವಳು ಪುಟ್ಟಸಿದ್ದಮ್ಮನ ಪಡಸಾಲೆಯಲ್ಲಿ, ಗೋಡೆಯ ಹೊಟ್ಟೆ ಒತ್ತರಿಸಿ ಉಳಿಸಿದ ಇಕ್ಕಟ್ಟಿನಲ್ಲಿ, ನೆಲದ ಮೇಲೆ ಕೂರಿಸಿದಳು. ಕಿಟಕಿ ಇರಲಿಲ್ಲ. ಕುತ್ತಿಗೆಯಿಂದ ಬೆವರು ಇಳಿಯತೊಡಗಿತು.

ಆಚೆ ಊಟ ನಡೆಯಿತು. ಮಾಡಿಟ್ಟಿದ್ದ ಹೋಳಿಗೆಯನ್ನು ನೀಲಕಂಠಸ್ವಾಮಿ ಬಡಿಸಿದ. "ಇನ್ನೊಂದು ಹಾಕಿಸ್ಕೊಳ್ಳಿ," ಎಂದು ಅವನು ಗಟ್ಟಿಯಾಗಿ ಉಪಚರಿಸುವುದನ್ನು ಅವಳು ಇದೇ ಮೊದಲ ಸಲ ಕೇಳಿದ್ದು. ಊಟವಾದ ಮೇಲೆ ಅಣ್ಣ ಫ್ಯಾನಿನ ಕೆಳಗೆ ಮಲಗಿ ಗೊರಕೆ ಹೊಡೆದ. ಅವನು ಎದ್ದಾಗ ಇಳಿಹೊತ್ತು. ಸಾಯಂಕಾಲದ ಬಸ್ಸಿಗೆ ಹೊರಟಾನು, ಆಮೇಲೆ ಮೈನ್ ಇಳಿಸಿ ಮನೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಳ್ಳಬಹುದು ಎಂದು ವಿಮಲಮ್ಮ ಕಾದಳು.

"ಭಾವ, ಗಮನಿಸಿದ್ರಾ?" ಶಿವಮಲ್ಲಪ್ಪನ ದನಿ ಗೋಡೆ ಹಾರಿ ಬಂತು. "ಆಯಮ್ಮ ಊರು ಬುಟ್ಟು ಹೋಗವಳೆ. ಆದ್ರೂ ಫ್ಯಾನು ಒಂದು ಚಣ ನಿಂತಿಲ್ಲ! ನಾನು ಹೇಳ್ನಿಲ್ವಾ, ತವರಿನ ಫ್ಯಾನಿಗೆ ತಡೆ ತಟ್ಟಲ್ಲ ಅಂತ? ಆಯಮ್ಮ ವಾಪಸ್ ಬರೋದು ಯಾವತ್ತು?"

"ಶುಕ್ರವಾರ," ಎಂದ ನೀಲಕಂಠಸ್ವಾಮಿ. ಆ ದನಿಯಲ್ಲಿದ್ದ ಸಂತೋಷವನ್ನು ವಿಮಲಮ್ಮನೊಬ್ಬಳೇ ಗುರುತಿಸಿದಳು.

"ಹಂಗಾದ್ರೆ ಅಲ್ಲೀಗಂಟ ನಾವಿಬ್ರೂ ಇಲ್ಲೇ ಇರ್ತೀವಿ. ಹಗಲೂ ರಾತ್ರಿ ಫ್ಯಾನ್ ಆಫ್ ಮಾಡ್ಬ್ಯಾಡಿ. ಆಯಮ್ಮ ಬರೋ ತನಕ ತಿರುಗಿದ್ರೆ, ಊರಿಗೆಲ್ಲ ಸಾರಿ ಹೇಳಿಯೇ ಹೋಗೋದು. ವಿಮಲಾ, ಕೇಳಿಸ್ತೇನವ್ವ?"

ಕೇಳಿಸಿತ್ತು. ಮಂಟಯ್ಯ ನಾಳೆ ವೈರು ತಂದರೂ, ಅಣ್ಣನ ತಲೆಯ ಮೇಲೆ ಪಟ್ಟಿ ಕೀಳುವಾಗ ಏನೆಂದು ಹೇಳುವುದು? ಮೈನ್ ಇಳಿಸಿದರೆ ತವರಿನ ಫ್ಯಾನು ಸೋಲುತ್ತದೆ. ಇಳಿಸದೆ ಹೊಸಿಲು ದಾಟಿದರೆ ತವರಿಗೇ ಆಣೆ ತಟ್ಟುತ್ತದೆ. "ಕೇಳಿಸ್ತು ಕಣಣ್ಣ, ಇರು, ಇರು," ಎಂದಳು. ಅಳು ಬರುವಂತಾಗಿತ್ತು.

ಗೋಡೆಯಾಚೆ ಸ್ಟೂಲು ಎಳೆದ ಸದ್ದಾಯಿತು. ತೊಲೆಯ ಪಕ್ಕದಲ್ಲಿ ನೀಲಕಂಠಸ್ವಾಮಿಯ ಮುಖ ಮೂಡಿತು. ಕ್ರಾಪು ಗಾಳಿಗೆ ಹಾರಾಡುತ್ತಿತ್ತು. ಅವನು ಮೊದಲು ಚಾಪೆಯನ್ನು ಇಳಿಬಿಟ್ಟ, ಆಮೇಲೆ ದಿಂಬನ್ನು, ಆಮೇಲೆ ಬಟ್ಟೆಯಲ್ಲಿ ಕಟ್ಟಿದ ಎರಡು ಹೋಳಿಗೆಯನ್ನು.

"ಅಡುಗೆ ಚಿಂತೆ ಬುಡು, ನಾನು ನೋಡ್ಕೋತೀನಿ," ಎಂದ. "ಇನ್ನೇನಾದ್ರೂ ಬೇಕೇನೆ?"

ವಿಮಲಮ್ಮನಿಗೆ ಬೇಕಾಗಿದ್ದದ್ದು ಗಾಳಿ. ಅದನ್ನು ಗೋಡೆಯ ಮೇಲಿಂದ ಇಳಿಬಿಡುವ ಹಾಗಿರಲಿಲ್ಲ.